ರಿಜೆಕ್ಷನ್ ಡಬ್ಬ: ಗೇಮ್ ಅನಿಮೇಶನ್ ಕೋರ್ಸ್ ಹುಡುಕಿದ ಒಂದು ಮನೆಯ ಕಥೆ

"ಸಾರ್, ಒಂಬತ್ತು ಲಕ್ಷ ಕೊಡಬಹುದಾ?"

2022ರ ಮೇ ಕೊನೆಯಲ್ಲಿ ಒಬ್ಬರು ಫೋನ್ ಮಾಡಿ, ನಮಸ್ಕಾರ ಹೇಳಿದ ಮೇಲೆ ಕೇಳಿದ ಮೊದಲ ಮಾತು ಇದು. ಮಗಳ ಸೆಕೆಂಡ್ ಪಿಯುಸಿ ಪರೀಕ್ಷೆ ಆಗಷ್ಟೇ ಮುಗಿದಿತ್ತು. ಅವಳಿಗೆ ಗೇಮ್ ಅನಿಮೇಶನ್ ಮಾಡಬೇಕಂತೆ. ನಾನು ಹನ್ನೆರಡು ವರ್ಷದಿಂದ ಅದೇ ಕೆಲಸದಲ್ಲಿದ್ದೇನೆ ಅಂತ ಯಾರೋ ನನ್ನ ನಂಬರ್ ಕೊಟ್ಟಿದ್ದರು. ಒಂದು ಇನ್‌ಸ್ಟಿಟ್ಯೂಟಿನಲ್ಲಿ ಮೂರು ವರ್ಷಕ್ಕೆ ಒಂಬತ್ತು ಲಕ್ಷ ಕೇಳಿದ್ದರು. "ಇವತ್ತೇ ಕಟ್ಟಿದರೆ ಸೀಟು ಗ್ಯಾರಂಟಿ" ಎಂದಿದ್ದಕ್ಕೆ ಇವರು ಇಪ್ಪತ್ತೈದು ಸಾವಿರ ಕಟ್ಟಿಯೂ ಬಂದಿದ್ದರು.

ಹುಡುಗಿಯನ್ನು ಇಲ್ಲಿ ಪುಟ್ಟಿ ಅಂತ ಕರೆಯೋಣ. ಮನೆಯಲ್ಲಿ ಅವಳನ್ನು ಕರೆಯುವ ಹೆಸರು ಅದಲ್ಲ. ಅವಳು ನೋಡಿದ, ಓದಿದ, ಸೇರಿದ ಜಾಗಗಳ ಹೆಸರು ಹೇಳುವುದಿಲ್ಲ. ಗುರುತು ಸಿಗದಿರಲಿ ಎಂದು ಕೆಲವು ವಿವರ ಬದಲಿಸಿದ್ದೇನೆ. ಹಣದ ಲೆಕ್ಕ ಮತ್ತು ಅವರು ತೆಗೆದುಕೊಂಡ ತೀರ್ಮಾನಗಳು ಮಾತ್ರ ಇದ್ದ ಹಾಗೇ ಇವೆ. ಮನೆಯವರು ಬರೆಯಲು ಒಪ್ಪಿದ್ದಾರೆ.

ಹಿನ್ನೆಲೆ

ಅಪ್ಪ ಪೀಣ್ಯದ ಒಂದು ಟೂಲ್ ರೂಮಿನಲ್ಲಿ ಸೀನಿಯರ್ ಮೆಷಿನಿಸ್ಟ್. ಅಮ್ಮ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ. ಮನೆಯಲ್ಲಿ ಅಜ್ಜಿ ಇದ್ದಾರೆ. ಮಗಳ ಓದಿಗೆ ಎತ್ತಿಟ್ಟಿದ್ದು ಐದು ಲಕ್ಷ. ಅದಕ್ಕಿಂತ ಜಾಸ್ತಿ ಬೇಕೆಂದರೆ ಸಾಲ.

ಪುಟ್ಟಿ ಓದಿದ್ದು ಪಿಸಿಎಂಸಿ. ನೋಟ್‌ಬುಕ್ಕಿನ ಅಂಚಿನ ತುಂಬಾ ಚಿತ್ರ. ಫೋನಿನಲ್ಲಿ ಗೇಮ್ ಆಡುತ್ತಾಳೆ, ಎಲ್ಲರ ಹಾಗೆ. "ಚಿತ್ರ ಇಷ್ಟ, ಗೇಮೂ ಇಷ್ಟ, ಹಾಗಾಗಿ ಗೇಮ್ ಅನಿಮೇಶನ್" ಎಂಬುದು ಅವಳ ಲೆಕ್ಕ. ಹದಿನೇಳು ವರ್ಷಕ್ಕೆ ಇಷ್ಟು ಲೆಕ್ಕ ಸಾಕು, ತಪ್ಪೇನಿಲ್ಲ. ಅಮ್ಮನ ಪ್ರಶ್ನೆ ಬೇರೆ: "ಅನಿಮೇಶನ್ ಅಂದ್ರೆ ಕಾರ್ಟೂನ್ ಅಲ್ವಾ? ಅದಕ್ಕೆ ಕಾಲೇಜು ಯಾಕೆ?"

ಬೆಂಗಳೂರಿನಲ್ಲಿ ಇಂಥ ಮನೆಗಳಿಗೆ ಒಂದು ವಿಶೇಷ ಒತ್ತಡ ಇದೆ. ಅವಕಾಶ ಇಲ್ಲೇ ಇದೆ ಅಂತ ಎಲ್ಲರೂ ಹೇಳುತ್ತಾರೆ, ಅದು ಸುಳ್ಳೂ ಅಲ್ಲ. ಭಾರತದ ಮೊದಲ ಗೇಮ್ ಕಂಪನಿಗಳಲ್ಲಿ ಒಂದಾದ ಧ್ರುವ ಇಂಟರಾಕ್ಟಿವ್ 1997ರಲ್ಲಿ ಶುರುವಾಗಿದ್ದು ಈ ಊರಿನಲ್ಲೇ. 2019ರಲ್ಲಿ ಜಿಟಿಎ ಗೇಮ್ ಮಾಡಿದ ರಾಕ್‌ಸ್ಟಾರ್ ಕಂಪನಿ ಅದನ್ನು ಕೊಂಡುಕೊಂಡಿತು. ಅನಿಮೇಶನ್ ಮತ್ತು ಗೇಮಿಂಗ್‌ಗೆ ರಾಜ್ಯ ಸರ್ಕಾರ 2012ರಲ್ಲೇ ಒಂದು ನೀತಿ ತಂದಿತು. ಮಹದೇವಪುರದಲ್ಲಿ ಇದಕ್ಕೆಂದೇ ಒಂದು ಕೇಂದ್ರವೂ ಇದೆ. ಇದೆಲ್ಲ ಬ್ರೋಷರಿನ ಮೊದಲ ಪುಟದಲ್ಲಿ ದಪ್ಪ ಅಕ್ಷರದಲ್ಲಿರುತ್ತೆ. ಸ್ಟುಡಿಯೊ ಒಳಗೆ ಯಾರನ್ನು, ಏನು ನೋಡಿ ತಗೋತಾರೆ ಅನ್ನುವುದು ಯಾವ ಪುಟದಲ್ಲೂ ಇರಲ್ಲ.

ಸಮಸ್ಯೆ ಎಲ್ಲಿತ್ತು

ಅವರ ಮನೆಗೆ ಹೋದಾಗ ಟೀಪಾಯ್ ಮೇಲೆ ಏಳು ಬ್ರೋಷರ್ ಇದ್ದವು. ಬಿಎಸ್ಸಿ ಅನಿಮೇಶನ್, ಬಿವಿಎ (ದೃಶ್ಯಕಲೆಯ ಪದವಿ), ಬಿಡಿಸ್ (ಡಿಸೈನ್ ಪದವಿ), ಒಂದು ವರ್ಷದ ಡಿಪ್ಲೊಮಾ, "ಗೇಮ್ ಆರ್ಟ್ ಆಂಡ್ ಅನಿಮೇಶನ್", ಹೀಗೆ. ಅಪ್ಪ ಅವುಗಳನ್ನು ಫೀಸಿನ ಪ್ರಕಾರ ಜೋಡಿಸಿಟ್ಟಿದ್ದರು. ಪುಟ್ಟಿ ಹೆಸರಿನಲ್ಲಿ "ಗೇಮ್" ಇರುವುದನ್ನೆಲ್ಲ ಮೇಲಿಟ್ಟಿದ್ದಳು. ಅಮ್ಮ ಯಾವುದನ್ನೂ ಮುಟ್ಟಿರಲಿಲ್ಲ. ಅವರ ಮನಸ್ಸಿನಲ್ಲಿದ್ದದ್ದು ಸಿಇಟಿ ಬರೆಸಿ ಎಂಜಿನಿಯರಿಂಗ್ ಮಾಡಿಸುವುದು.

ಅವತ್ತೇ ಒಂದು ಬಾಗಿಲು ಮುಚ್ಚಿದೆ ಅಂತ ಗೊತ್ತಾಯಿತು. ಐಐಟಿಗಳ ಬಿಡಿಸ್‌ಗೆ ಯುಸೀಡ್ ಎಂಬ ಪ್ರವೇಶ ಪರೀಕ್ಷೆ ಬರೆಯಬೇಕು. ಕೇಂದ್ರ ಸರ್ಕಾರದ ಡಿಸೈನ್ ಸಂಸ್ಥೆ ಎನ್‌ಐಡಿಗೆ ಅದರದ್ದೇ ಪರೀಕ್ಷೆ. ಎರಡಕ್ಕೂ ಪಿಯುಸಿಯಲ್ಲಿ ಯಾವ ವಿಭಾಗವಾದರೂ ಸರಿ. ಆದರೆ ಅರ್ಜಿ ಹಾಕುವುದು ಹಿಂದಿನ ವರ್ಷದ ಕೊನೆಯಲ್ಲಿ, ಪರೀಕ್ಷೆ ಜನವರಿ ಆಸುಪಾಸು. ಇವರು ಎಚ್ಚೆತ್ತದ್ದು ಮೇನಲ್ಲಿ. ಒಂದು ವರ್ಷ ಕಾದು ಬರೆಯಲಿ ಎಂದೆ. ಹುಡುಗಿಯನ್ನು ಒಂದು ವರ್ಷ ಮನೆಯಲ್ಲಿ ಕೂರಿಸುವುದು ಅಪ್ಪನಿಗೆ ಬೇಡವಾಗಿತ್ತು. ನಾನು ಒತ್ತಾಯ ಮಾಡಲಿಲ್ಲ. ಮಾಡಬೇಕಿತ್ತೇನೋ ಅಂತ ಈಗಲೂ ಒಮ್ಮೊಮ್ಮೆ ಅನಿಸುತ್ತೆ.

ನನಗೆ ಕಂಡ ನಿಜವಾದ ತೊಡಕು ಬೇರೆ. ಗೇಮಿನಲ್ಲಿ ಯಾವ ಕೆಲಸ ಮಾಡಬೇಕು ಎಂದು ಕೇಳಿದರೆ ಪುಟ್ಟಿಗೆ ಉತ್ತರ ಇರಲಿಲ್ಲ. ಪಾತ್ರ ಹೇಗಿರಬೇಕೆಂದು ಚಿತ್ರ ಬಿಡಿಸುವವರು ಒಬ್ಬರು. ಅದನ್ನು 3ಡಿಯಲ್ಲಿ ಕಟ್ಟುವವರು ಮತ್ತೊಬ್ಬರು. ಅದಕ್ಕೆ ಮೂಳೆ, ಕೀಲು ಕೂರಿಸುವ ರಿಗ್ಗರ್ ಬೇರೆ, ಅದನ್ನು ನಡೆಸುವ, ಓಡಿಸುವ ಅನಿಮೇಟರ್ ಬೇರೆ. ಬಟನ್ ಒತ್ತಿದಾಗ ಆ ಓಟ ಶುರುವಾಗುವ ಹಾಗೆ ಮಾಡುವ ಪ್ರೋಗ್ರಾಮರ್ ಇನ್ನೂ ಬೇರೆ. ಪುಟ್ಟಿಯ ತಲೆಯಲ್ಲಿ ಇದೆಲ್ಲ ಒಂದೇ ಕೆಲಸ. ಹೀಗಿರುವಾಗ ಯಾವ ಕೋರ್ಸ್ ಅಂತ ಹೇಳುವುದು?

ಆರು ವಾರ

ಹಾಗಾಗಿ ಕಾಲೇಜಿನ ಮಾತು ಬಿಟ್ಟು ಅವಳಿಗೆ ಆರು ವಾರದ ಕೆಲಸ ಕೊಟ್ಟೆ. ಬ್ಲೆಂಡರ್ 3ಡಿ ಅನಿಮೇಶನ್ ಮಾಡುವ ಉಚಿತ ಸಾಫ್ಟ್‌ವೇರ್. ಮೂಳೆ ಕೂರಿಸಿದ ಪಾತ್ರಗಳೂ ಉಚಿತವಾಗಿ ಸಿಗುತ್ತವೆ. ಮೊದಲ ವಾರ ಚೆಂಡು ಪುಟಿಸುವುದು. ರಬ್ಬರ್ ಚೆಂಡು, ಕ್ರಿಕೆಟ್ ಚೆಂಡು, ಬಲೂನು. ಬಣ್ಣ ಹಾಕಬಾರದು, ಮೂರೂ ಒಂದೇ ಸೈಜು ಇರಬೇಕು. ಪುಟಿಯುವುದನ್ನು ನೋಡಿಯೇ ಯಾವುದು ಯಾವುದು ಅಂತ ಅಜ್ಜಿ ಹೇಳಬೇಕು. ಅಜ್ಜಿ ಮೂರರಲ್ಲಿ ಎರಡು ಸರಿ ಹೇಳಿದರು. ಬಲೂನನ್ನು ಹತ್ತಿ ಎಂದರು. ನನ್ನ ಪ್ರಕಾರ ಅದೂ ಪಾಸೇ.

ಎರಡು, ಮೂರನೇ ವಾರ ನಡಿಗೆ. ಇಲ್ಲಿ ಅವಳು ಕೈಬಿಟ್ಟಳು. ಐದು ದಿನ ಲ್ಯಾಪ್‌ಟಾಪ್ ತೆಗೆಯಲೇ ಇಲ್ಲ. "ನನಗೆ ಚಿತ್ರ ಬಿಡಿಸೋದು ಇಷ್ಟ. ಇದು ಬರೀ ಕೈಕಾಲು ಅಲ್ಲಾಡಿಸೋದು" ಎಂದಳು. ಒಳ್ಳೆಯದೇ ಆಯಿತು ಅಂದುಕೊಂಡೆ. ಒಂಬತ್ತು ಲಕ್ಷ ಕೊಟ್ಟ ಮೇಲೆ ಎರಡನೇ ವರ್ಷದಲ್ಲಿ ಹೀಗೆ ಅನ್ನುವುದಕ್ಕಿಂತ ಈಗಲೇ ಅನ್ನಲಿ ಅಲ್ವಾ?

ದಾರಿ ತೋರಿಸಿದ್ದು ಅವಳ ಅಮ್ಮ. ಅಜ್ಜಿ ಟೆರೇಸಿನಲ್ಲಿ ಬಟ್ಟೆ ಒಣಹಾಕಲು ಹೋಗುವಾಗ, "ಅವರು ನಡೆಯೋದನ್ನ ಮಾಡು ನೋಡೋಣ, ಮಂಡಿ ನೋವಿನ ನಡಿಗೆ ಬೇರೆ ಥರ ಇರುತ್ತೆ" ಎಂದರಂತೆ. ಬ್ಲೌಸ್ ಹೊಲಿಯುವವರ ಕಣ್ಣು ಅದು. ಒಂದು ಭುಜ ಇಳಿದಿದ್ದರೂ ಅವರಿಗೆ ಕಾಣುತ್ತೆ. ಪುಟ್ಟಿ ಫೋನಿನಲ್ಲಿ ವಿಡಿಯೊ ಮಾಡಿ ಒಂದೊಂದೇ ಫ್ರೇಮ್, ಅಂದರೆ ವಿಡಿಯೊದ ಒಂದೊಂದೇ ಸ್ಥಿರ ಚಿತ್ರ, ಎಣಿಸಿದಳು. ಸಾಮಾನ್ಯ ನಡಿಗೆಗೆ ಸೆಕೆಂಡಿಗೆ 24 ಫ್ರೇಮ್ ಲೆಕ್ಕದಲ್ಲಿ ಒಂದು ಹೆಜ್ಜೆಗೆ ಸುಮಾರು 12 ಫ್ರೇಮ್ ಅಂತ ನಾನು ಹೇಳಿಕೊಟ್ಟಿದ್ದೆ. ಅಜ್ಜಿಯ ನಡಿಗೆಯಲ್ಲಿ ಎರಡು ಹೆಜ್ಜೆ ಸಮ ಇರಲಿಲ್ಲ. ನೋವಿರುವ ಕಾಲು ನೆಲದ ಮೇಲೆ ಕಡಿಮೆ ಹೊತ್ತು ನಿಲ್ಲುತ್ತಿತ್ತು, ಮೈಯೆಲ್ಲ ಬೇಗ ಬೇಗ ಇನ್ನೊಂದು ಕಾಲಿನ ಮೇಲೆ ಬೀಳುತ್ತಿತ್ತು. ಅದನ್ನು ಅವಳೇ ಕಂಡುಹಿಡಿದಳು. ರಾತ್ರಿ ಹನ್ನೊಂದಕ್ಕೆ ನನಗೆ ಕಳಿಸಿದ ಆ ನಡಿಗೆಯಲ್ಲಿ ಕೈಗಳು ಮರದ ತುಂಡಿನ ಹಾಗಿದ್ದವು. ಸೊಂಟ ಮಾತ್ರ ಅಜ್ಜಿಯದ್ದೇ.

ಕೊನೆಯ ಎರಡು ವಾರದ ಕೆಲಸ ನನಗೆ ಮುಖ್ಯವಾಗಿತ್ತು. ಮಾಡಿದ ನಡಿಗೆ ಮತ್ತು ಜಿಗಿತವನ್ನು ಯೂನಿಟಿ ಎಂಬ ಗೇಮ್ ಎಂಜಿನ್‌ನಲ್ಲಿ (ಗೇಮ್ ಕಟ್ಟುವ ಸಾಫ್ಟ್‌ವೇರ್) ಹಾಕಿ, ಕೀಬೋರ್ಡಿನಿಂದ ಆಡಿಸುವುದು. ಅಪ್ಪನ ಹಳೇ ಲ್ಯಾಪ್‌ಟಾಪ್ ಇದಕ್ಕೆ ಒಪ್ಪಲಿಲ್ಲ. ವಾರದ ಕೊನೆಗೆ ಅತ್ತೆ ಮನೆಗೆ ಹೋಗಿ ಅವರ ಕಂಪ್ಯೂಟರಿನಲ್ಲಿ ಮಾಡಿದಳು. ಮೊದಲ ಸಲ ಪಾತ್ರ ಮುಂದೆ ಹೋದಾಗ, ಸಾಕ್ಸ್ ಹಾಕಿಕೊಂಡು ರೆಡ್ ಆಕ್ಸೈಡ್ ನೆಲದ ಮೇಲೆ ಜಾರಿದ ಹಾಗಿತ್ತು. ಗೇಮಿನಲ್ಲಿ ನಡಿಗೆಯನ್ನು ಸಾಮಾನ್ಯವಾಗಿ ನಿಂತಲ್ಲೇ ಮಾಡಿರುತ್ತಾರೆ, ಪಾತ್ರವನ್ನು ಮುಂದೆ ತಳ್ಳುವುದು ಕೋಡ್. ಎರಡರ ವೇಗ ಹೊಂದದಿದ್ದರೆ ಕಾಲು ಜಾರುತ್ತೆ.

ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಜಿಗಿತದಲ್ಲಿ. ಬ್ಲೆಂಡರಿನಲ್ಲಿ ಅದು ಬಹಳ ಚೆನ್ನಾಗಿತ್ತು. ಮಂಡಿ ಬಗ್ಗಿ, ಕೈ ಹಿಂದೆ ಹೋಗಿ, ಆಮೇಲೆ ಮೇಲೆ ಹಾರುತ್ತಿತ್ತು. ಆ ತಯಾರಿಗೆ 10 ಫ್ರೇಮ್ ಕೊಟ್ಟಿದ್ದಳು. ಅಂದರೆ 0.4 ಸೆಕೆಂಡ್. ಸಿನಿಮಾದಲ್ಲಿ ಅದು ಸರಿ, ನೋಡುವವರಿಗೆ ಅದು ಬೇಕು ಕೂಡ. ಗೇಮಿನಲ್ಲಿ ಬಟನ್ ಒತ್ತಿದ ಮೇಲೆ 0.4 ಸೆಕೆಂಡ್ ಕಾಯುವುದೆಂದರೆ ಪಾತ್ರ ಅಷ್ಟರಲ್ಲಿ ಹಳ್ಳಕ್ಕೆ ಬಿದ್ದಿರುತ್ತೆ. ಅವಳ ಕಸಿನ್ ಆಡಿ ನೋಡಿ "ಇದು ಹ್ಯಾಂಗ್ ಆಗ್ತಿದೆ" ಎಂದ. ಪುಟ್ಟಿಗೆ ಅಳು ಬಂತು. ಆಮೇಲೆ ತಯಾರಿಯನ್ನು 2 ಫ್ರೇಮಿಗೆ ಇಳಿಸಿ, ಉಳಿದ ಭಾರವನ್ನೆಲ್ಲ ಕೆಳಗೆ ಇಳಿಯುವಾಗಿನ ಕುಕ್ಕರಿಸುವಿಕೆಗೆ ಹಾಕಿದಳು. ಇದನ್ನು ನಾನು ಹೇಳಿಕೊಟ್ಟಿರಲಿಲ್ಲ. ಸ್ಟುಡಿಯೊಗಳಲ್ಲೂ ಇದನ್ನೇ ಮಾಡುತ್ತಾರೆ. ಅವತ್ತು ಅವಳ ಅಪ್ಪನಿಗೆ ಫೋನ್ ಮಾಡಿ, "ಇವಳು ಇದನ್ನು ಓದಲಿ" ಎಂದೆ.

ಎಂಜಿನಿಯರಿಂಗ್ ಬೇಡ ಎಂದದ್ದೂ ಆಗಲೇ. ಅಮ್ಮನ ಆಸೆ ದಡ್ಡತನದ್ದಲ್ಲ. ಗೇಮ್ ಪ್ರೋಗ್ರಾಮರ್ ಆಗುವವರಿಗೆ ಅದೇ ದಾರಿ. ಜಿಗಿತಕ್ಕಿಂತ ಕೋಡ್ ಸರಿಮಾಡುವುದರಲ್ಲಿ ಅವಳಿಗೆ ಖುಷಿ ಸಿಕ್ಕಿದ್ದರೆ ನಾನೂ ಸಿಇಟಿ ಸೀಟು ತಗೋ ಅನ್ನುತ್ತಿದ್ದೆ.

ಮೂರು ಕಾಲೇಜು, ಒಂದು ಪ್ರಶ್ನೆ

ಜುಲೈನಲ್ಲಿ ಮೂರು ಜಾಗ ನೋಡಿದೆವು. ಒಂಬತ್ತು ಲಕ್ಷದ ಜಾಗದಲ್ಲಿ ರಿಸೆಪ್ಶನ್ನಿನ ದೊಡ್ಡ ಪರದೆ ಮೇಲೆ ವಿದೇಶಿ ಸಿನಿಮಾದ ದೃಶ್ಯಗಳು ಓಡುತ್ತಿದ್ದವು. ಇದರಲ್ಲಿ ನಿಮ್ಮವರು ಮಾಡಿದ್ದು ಯಾವುದು ಎಂದು ಕೇಳಿದೆ. ಹಳೆಯ ವಿದ್ಯಾರ್ಥಿಯೊಬ್ಬರು ಆ ತಂಡದಲ್ಲಿದ್ದರು ಎಂಬ ಉತ್ತರ ಬಂತು. ಏನು ಮಾಡುತ್ತಿದ್ದರು ಅನ್ನುವುದು ಕೌನ್ಸೆಲರಿಗೆ ಗೊತ್ತಿರಲಿಲ್ಲ.

ಆಗ ಅಪ್ಪ ಬಾಯಿ ಬಿಟ್ಟರು. ಅಲ್ಲಿಯವರೆಗೆ ಸುಮ್ನೆ ಕೂತಿದ್ದರು. "ಮೂರನೇ ವರ್ಷದ ಎಲ್ಲಾ ಮಕ್ಕಳ ಕೆಲಸ ತೋರಿಸಿ. ಚೆನ್ನಾಗಿರೋದು ಮಾತ್ರ ಬೇಡ." ಕೌನ್ಸೆಲರ್ ನಕ್ಕು, ಶೋರೀಲ್ (ಒಳ್ಳೇ ಕೆಲಸ ಆಯ್ದು ಜೋಡಿಸಿದ ವಿಡಿಯೊ) ಕಳಿಸ್ತೀವಿ ಎಂದರು. ಹೊರಗೆ ಬಂದ ಮೇಲೆ ಅಪ್ಪ ನನಗೆ ಹೇಳಿದ್ದು: "ನಮ್ಮ ಶಾಪಿಗೆ ಹೊಸ ಹುಡುಗ ಬಂದರೆ ಅವನ ಒಳ್ಳೇ ಪೀಸ್ ಯಾರೂ ನೋಡಲ್ಲ ಸಾರ್. ರಿಜೆಕ್ಷನ್ ಡಬ್ಬ ನೋಡ್ತೀವಿ. ಎಲ್ಲಿ ತಪ್ಪಿದಾನೆ, ಹೇಗೆ ತಪ್ಪಿದಾನೆ ಅಂತ ಅದರಲ್ಲೇ ಗೊತ್ತಾಗುತ್ತೆ." ಇಷ್ಟು ವರ್ಷ ಈ ಕೆಲಸದಲ್ಲಿದ್ದೂ ನನಗೆ ಈ ಪ್ರಶ್ನೆ ಹೊಳೆದಿರಲಿಲ್ಲ.

ಎರಡನೇ ಜಾಗದಲ್ಲಿ ಆರು ಜನರ ಕೆಲಸ ತೋರಿಸಿದರು. ಆರರಲ್ಲೂ ಒಂದೇ ರೋಬೊ, ಒಂದೇ ಕಾರಿಡಾರ್, ಒಂದೇ ಕೆಂಪು ಲೈಟು. ಒಂದೇ ಟ್ಯುಟೋರಿಯಲ್ ನೋಡಿ ಮಾಡಿದ್ದು. "ಒಂದೇ ಡೈನಲ್ಲಿ ಒತ್ತಿದ್ದಾರೆ" ಅಂದರು ಅಪ್ಪ.

ಮೂರನೆಯದು ಹಳೇ ಕಾಲೇಜಿನ ಒಂದು ಸಣ್ಣ ವಿಭಾಗ. ಲ್ಯಾಬ್ ಸಾಧಾರಣ, ಫ್ಯಾನ್ ಸದ್ದು ಮಾಡುತ್ತಿತ್ತು. ಮೇಷ್ಟ್ರು ಎರಡು ನಿಮಿಷ ಯೋಚಿಸಿ ಇಡೀ ಬ್ಯಾಚಿನ ಫೋಲ್ಡರ್ ತೆರೆದರು. ಹತ್ತೊಂಬತ್ತು ಜನ. ಅರ್ಧದಷ್ಟು ಚೆನ್ನಾಗಿರಲಿಲ್ಲ, ಅವರೇ ಒಪ್ಪಿಕೊಂಡರು. ಆದರೆ ಒಬ್ಬರದ್ದು ಇನ್ನೊಬ್ಬರ ಹಾಗಿರಲಿಲ್ಲ. ಒಬ್ಬ ಬಿಎಂಟಿಸಿ ಬಸ್ಸು ಬ್ರೇಕ್ ಹಾಕಿದಾಗ ಕಂಡಕ್ಟರ್ ಬ್ಯಾಲೆನ್ಸ್ ಮಾಡುವುದನ್ನು ಮಾಡಿದ್ದ. ತಪ್ಪುಗಳಿದ್ದವು, ಅವೆಲ್ಲ ಅವನದ್ದೇ ತಪ್ಪುಗಳು. ಮೊದಲ ವರ್ಷ ವಾರಕ್ಕೆ ಎರಡು ದಿನ ಎದುರಿಗೆ ಮನುಷ್ಯರನ್ನು ನಿಲ್ಲಿಸಿಕೊಂಡು ಚಿತ್ರ ಬಿಡಿಸುವ ತರಗತಿ ಇತ್ತು.

ಇದರ ಜೊತೆ ಇನ್ನೊಂದು ಸಂಗತಿ ನೋಡಿದೆವು, ಪದವಿ ಕೊಡುವವರು ಯಾರು ಅಂತ. ಒಂಬತ್ತು ಲಕ್ಷದ ಕೋರ್ಸಿನ ಪದವಿ ಬರುವುದು ಬೇರೆ ರಾಜ್ಯದ ಒಂದು ವಿಶ್ವವಿದ್ಯಾಲಯದಿಂದ, ಅದೂ ದೂರಶಿಕ್ಷಣದಲ್ಲಿ ಅನ್ನುವುದು ಬ್ರೋಷರಿನ ಕೊನೇ ಪುಟದಲ್ಲಿ ಸಣ್ಣ ಅಕ್ಷರದಲ್ಲಿತ್ತು. ಸ್ಟುಡಿಯೊ ಕೆಲಸಕ್ಕೆ ಶೋರೀಲ್ ಮುಖ್ಯ, ಪದವಿ ಯಾರೂ ಕೇಳಲ್ಲ ಅನ್ನುತ್ತಾರೆ. ಅರ್ಧ ನಿಜ. ಎನ್‌ಐಡಿಯ ಬೆಂಗಳೂರು ಕ್ಯಾಂಪಸ್ಸಿನಲ್ಲಿ ಡಿಜಿಟಲ್ ಗೇಮ್ ಡಿಸೈನ್ ಇರುವುದು ಎಂಡಿಸ್, ಅಂದರೆ ಸ್ನಾತಕೋತ್ತರ ಪದವಿಯಾಗಿ. ಅದಕ್ಕೆ ಮೊದಲೊಂದು ಮಾನ್ಯ ಪದವಿ ಬೇಕು. ಹೊರದೇಶದ ಕೆಲಸದ ವೀಸಾಕ್ಕೂ ಹಲವು ಕಡೆ ಪದವಿ ನೋಡುತ್ತಾರೆ. ಈಗಾಗಲೇ ಒಂದು ಬಾಗಿಲು ತಪ್ಪಿದ ಮೇಲೆ ಇನ್ನೊಂದನ್ನು ನಾವೇ ಮುಚ್ಚುವುದು ಯಾಕೆ?

ಮೂರನೇ ಕಾಲೇಜಿಗೆ ಮೂರು ವರ್ಷಕ್ಕೆ 3 ಲಕ್ಷ 60 ಸಾವಿರ. ಸಾಲ ಬೇಕಾಗಲಿಲ್ಲ. ಉಳಿದ ದುಡ್ಡಿನಲ್ಲಿ, ಕಂಪ್ಯೂಟರ್ ಭಾಗಗಳ ಅಂಗಡಿಗಳಿರುವ ಎಸ್‌ಪಿ ರೋಡಿಗೆ ಹೋಗಿ ಗ್ರಾಫಿಕ್ಸ್ ಕಾರ್ಡ್ ಇರುವ ಒಂದು ಕಂಪ್ಯೂಟರ್ ಜೋಡಿಸಿದೆವು, ಒಂದು ಪೆನ್ ಟ್ಯಾಬ್ಲೆಟ್ ತಂದೆವು. ಫೀಸಿನ ಲೆಕ್ಕ ಹಾಕುವವರು ಕಂಪ್ಯೂಟರ್ ಮರೆತುಬಿಡುತ್ತಾರೆ. ಲ್ಯಾಬ್ ಸಂಜೆ ಐದಕ್ಕೆ ಬಾಗಿಲು ಹಾಕುತ್ತೆ, ಅನಿಮೇಶನ್ ಕಲಿಯುವುದು ರಾತ್ರಿ. ಇಪ್ಪತ್ತೈದು ಸಾವಿರ ಅಡ್ವಾನ್ಸ್ ಹೋದದ್ದು ಹೋಯಿತು. ಎರಡು ಸಲ ಅಲೆದು ಅಪ್ಪ ಅದನ್ನು ಸ್ಕ್ರ್ಯಾಪ್ ಎಂದು ಬರೆದು ಹಾಕಿದರು.

ಮೂರು ವರ್ಷ

ಎಲ್ಲ ಸುಗಮವಾಗಿ ಆಗಲಿಲ್ಲ. ಜಾಹೀರಾತು, ಫೋಟೊಗ್ರಫಿ, ವಿಡಿಯೊ ಎಡಿಟಿಂಗ್, ಕಲೆಯ ಇತಿಹಾಸ ಎಲ್ಲವೂ ಸಿಲಬಸ್ಸಿನಲ್ಲಿದ್ದವು. ಗೇಮ್ ಎಂಬ ಪದ ಬಂದದ್ದು ಐದನೇ ಸೆಮಿಸ್ಟರಿನಲ್ಲಿ, ಒಂದೇ ಒಂದು ಪೇಪರ್. ಸೇರುವ ಮೊದಲೇ ಸಿಲಬಸ್ ಓದಿದ್ದರಿಂದ ಇದು ನಮಗೆ ಗೊತ್ತಿತ್ತು. ಅದಕ್ಕೆ ಒಂದು ಒಪ್ಪಂದ ಮಾಡಿಕೊಂಡಿದ್ದೆವು: ಪ್ರತಿ ಸೆಮಿಸ್ಟರಿಗೆ ಒಂದು ಸಣ್ಣ ಕೆಲಸ, ಎಂಜಿನ್ ಒಳಗೆ ಆಡಿಸಲು ಬರುವಂಥದ್ದು. ಆರರಲ್ಲಿ ನಾಲ್ಕು ಮಾಡಿದಳು. ಮೆಟ್ರೊದಲ್ಲಿ ಓಡಾಡುತ್ತಾ ಜನರ ಸ್ಕೆಚ್ ಮಾಡಿದ ಪುಸ್ತಕಗಳು ಹನ್ನೊಂದೋ ಹನ್ನೆರಡೋ ಇವೆ. ಅವು ಯಾವ ರೀಲಿಗೂ ಹೋಗಲಿಲ್ಲ, ಆದರೆ ಅವಳ ಕೆಲಸದಲ್ಲಿ ಕಾಣುತ್ತವೆ.

ಇಲ್ಲಿ ನನ್ನ ತಪ್ಪೊಂದನ್ನು ಹೇಳಬೇಕು. ಪಿಯುಸಿಯಲ್ಲಿ ಕಲಿತ ಕಂಪ್ಯೂಟರ್ ಸೈನ್ಸ್ ಮರೆತುಬಿಡು, ಪೂರ್ತಿ ಅನಿಮೇಶನ್ ಮೇಲೆ ಗಮನ ಇಡು ಎಂದಿದ್ದೆ. ಎರಡನೇ ವರ್ಷ ಎಂಜಿನಿಯರಿಂಗ್ ಹುಡುಗರ ಜೊತೆ 48 ಗಂಟೆಯೊಳಗೆ ತಂಡವಾಗಿ ಒಂದು ಗೇಮ್ ಮಾಡಿ ಮುಗಿಸುವ ಗೇಮ್ ಜಾಮ್‌ಗೆ ಹೋದಳು. ನಿಂತಿರುವುದು, ನಡೆಯುವುದು, ಓಡುವುದು, ಯಾವುದರಿಂದ ಯಾವುದಕ್ಕೆ ಯಾವಾಗ ಬದಲಾಗಬೇಕು ಅನ್ನುವ ಜೋಡಣೆಗೆ ಸ್ಟೇಟ್ ಮೆಷಿನ್ ಅಂತಾರೆ. ಅನಿಮೇಟರ್ ಅದನ್ನು ತಾನೇ ಜೋಡಿಸಿಕೊಡುತ್ತಾಳೆ ಅಂತ ತಂಡ ಅಂದುಕೊಂಡಿತ್ತು. ಇವಳಿಗೆ ಬರಲಿಲ್ಲ. ಅವಳು ಮಾಡಿದ ಒಂಬತ್ತು ಚಲನೆಯಲ್ಲಿ ಗೇಮಿಗೆ ಹೋದದ್ದು ಮೂರು. ನನ್ನ ಕಾಲದಲ್ಲಿ ಅನಿಮೇಟರ್ ಅದನ್ನು ಮುಟ್ಟುತ್ತಿರಲಿಲ್ಲ. ಕಾಲ ಬದಲಾದದ್ದನ್ನು ನಾನು ಗಮನಿಸಿರಲಿಲ್ಲ, ಅಷ್ಟೇ. ಮೂರನೇ ವರ್ಷ ಅವಳೇ ಕೂತು ಕಲಿತಳು.

ಕೊನೇ ಸೆಮಿಸ್ಟರ್ ನಡೆಯುತ್ತಿದ್ದಾಗ, 2025ರ ಫೆಬ್ರುವರಿಯಲ್ಲಿ, ಸಿನಿಮಾಗಳಿಗೆ ವಿಎಫ್‌ಎಕ್ಸ್, ಅನಿಮೇಶನ್ ಮಾಡುವ ಟೆಕ್ನಿಕಲರ್ ಗುಂಪು ಕುಸಿದು ಬೆಂಗಳೂರಿನ ಅದರ ಸ್ಟುಡಿಯೊ ಕೆಲಸ ನಿಂತಿತು. ಹತ್ತು ವರ್ಷ ಅನುಭವ ಇದ್ದವರು ಒಮ್ಮೆಗೇ ಕೆಲಸ ಹುಡುಕಲು ಇಳಿದರು. ಹೊಸಬರ ಸಾಲು ಉದ್ದವಾಯಿತು. ಅಮ್ಮ ಫೋನ್ ಮಾಡಿ "ಎಂಜಿನಿಯರಿಂಗ್ ಮಾಡಿಸಬೇಕಿತ್ತು" ಎಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ನನ್ನ ಗೆಳೆಯರಲ್ಲೇ ಇಬ್ಬರು ಆಗ ಮನೆಯಲ್ಲಿದ್ದರು.

ಪುಟ್ಟಿಯ ಮೊದಲ ರೀಲ್ ಎರಡು ನಿಮಿಷ, ಹನ್ನೊಂದು ತುಣುಕು. ಮೂವತ್ತು ಕಡೆ ಕಳಿಸಿದಳು, ಒಂದು ಕಡೆಯಿಂದಲೂ ಉತ್ತರ ಇಲ್ಲ. ಕಾಲೇಜಿನ ಮೇಷ್ಟ್ರೇ ಕೂರಿಸಿಕೊಂಡು ಏಳನ್ನು ತೆಗೆಸಿದರು. ಉಳಿದದ್ದು 50 ಸೆಕೆಂಡ್, ನಾಲ್ಕು ತುಣುಕು. ಮೊದಲಿಗೇ ಅಜ್ಜಿಯ ನಡಿಗೆ. ಹೊಸದಾಗಿ ಮಾಡಿದ್ದು, ಆಡುವವರ ಕ್ಯಾಮೆರಾ ಕೋನದಿಂದ, ಕೀ ಒತ್ತಿದಾಗ ತಿರುಗುವುದು, ನಿಲ್ಲುವುದು, ಮೆಟ್ಟಿಲು ಹತ್ತುವುದು ಎಲ್ಲ ಕಾಣುವ ಹಾಗೆ. ಅದಾದ ಮೇಲೆ ಮೂರು ಕಡೆಯಿಂದ ಕರೆ ಬಂತು.

2025ರ ಕೊನೆಗೆ ಒಂದು ಸಣ್ಣ ಮೊಬೈಲ್ ಗೇಮ್ ಸ್ಟುಡಿಯೊಗೆ ಸೇರಿದಳು. ಅಲ್ಲಿರುವುದು 2ಡಿ ಕೆಲಸ, ಸ್ಪೈನ್ ಎಂಬ ಸಾಫ್ಟ್‌ವೇರಿನಲ್ಲಿ. ಕಾಲೇಜಿನಲ್ಲಿ ಅದರ ಹೆಸರೂ ಕೇಳಿರಲಿಲ್ಲ. ಟೆಸ್ಟಿಗೆ ಒಂದು ಕೋಳಿ ಕೊಟ್ಟು, ಆಡುವವರು ಏನೂ ಮುಟ್ಟದೆ ಇದ್ದಾಗ ಅದು ಏನು ಮಾಡುತ್ತೆ ತೋರಿಸು ಎಂದಿದ್ದರು. ಹತ್ತು ದಿನದಲ್ಲಿ ಸಾಫ್ಟ್‌ವೇರ್ ಕಲಿತು ಮಾಡಿಕೊಟ್ಟಳು. ಭಾರ ಮತ್ತು ಟೈಮಿಂಗ್ ಗೊತ್ತಿದ್ದವರಿಗೆ ಬಟನ್ ಎಲ್ಲಿದೆ ಅಂತ ಹುಡುಕುವುದಷ್ಟೇ ಬಾಕಿ. ಇದೇ ಕಾರಣಕ್ಕೆ ಯಾವ ಸಾಫ್ಟ್‌ವೇರ್ ಕಲಿಸ್ತೀರಿ ಅನ್ನುವ ಪ್ರಶ್ನೆಗೆ ಕಾಲೇಜು ಆರಿಸುವಾಗ ನಾವು ಜಾಸ್ತಿ ತೂಕ ಕೊಡಲಿಲ್ಲ. ಆ ಒಂದು ವಿಷಯದಲ್ಲಿ ನನ್ನ ಅಂದಾಜು ಸರಿಯಾಗಿತ್ತು.

ಮೊದಲ ಸಂಬಳ ಎಂಜಿನಿಯರಿಂಗ್ ಮುಗಿಸಿದ ಕಸಿನ್‌ಗಿಂತ ಕಡಿಮೆ. ಅಮ್ಮ ಇದನ್ನು ಮರೆಯಲು ಬಿಡುವುದಿಲ್ಲ.

ಈಗ ನನ್ನ ಹತ್ತಿರ ಬರುವ ಮನೆಗಳಿಗೆ ಹೇಳುವುದು ಸ್ವಲ್ಪ ಬದಲಾಗಿದೆ. ಆರು ವಾರದ ಕೆಲಸವನ್ನು ಫಸ್ಟ್ ಪಿಯುಸಿ ಬೇಸಿಗೆ ರಜೆಗೇ ತಂದಿದ್ದೇನೆ. ಆಗ ಡಿಸೈನ್ ಪರೀಕ್ಷೆಗಳ ಅರ್ಜಿಗೆ ಸಮಯ ಇರುತ್ತೆ. ಎಂಜಿನ್ ಒಳಗೆ ಹಾಕುವ ಭಾಗವನ್ನು ಎರಡು ವಾರದಿಂದ ಮೂರಕ್ಕೆ ಏರಿಸಿದ್ದೇನೆ, ಸ್ಟೇಟ್ ಮೆಷಿನ್ ಸೇರಿಸಿ. ಕಾಲೇಜು ನೋಡಲು ಹೋಗುವಾಗ ಅಪ್ಪ ಅಮ್ಮ ಇಬ್ಬರೂ ಬರಲಿ ಅನ್ನುತ್ತೇನೆ. ಗೇಮ್ ಬಗ್ಗೆ ಏನೂ ಗೊತ್ತಿಲ್ಲದವರ ಕೈಯಲ್ಲೂ ಒಂದು ಕೆಲಸ ಇರುತ್ತೆ, ಅದರ ಕಣ್ಣಿನಿಂದ ಅವರು ನೋಡುತ್ತಾರೆ. ಅಡ್ವಾನ್ಸ್ ಮಾತ್ರ ಯಾವ ಕಾರಣಕ್ಕೂ ಮೊದಲ ದಿನ ಕಟ್ಟಬೇಡಿ ಅನ್ನುತ್ತೇನೆ. ಅರ್ಧ ಜನ ಕಟ್ಟಿಯೇ ಬಂದಿರುತ್ತಾರೆ.

ಕಳೆದ ತಿಂಗಳು ಅವರ ಮನೆಗೆ ಹೋಗಿದ್ದೆ. ಅಪ್ಪನ ಫೋನಿನಲ್ಲಿ ಆ ಗೇಮ್ ಇದೆ. ಆಡಲು ಅವರಿಗೆ ಬರುವುದಿಲ್ಲ. ತೆರೆದು, ಏನೂ ಒತ್ತದೆ, ಕೋಳಿ ಕತ್ತು ಓರೆ ಮಾಡಿ ಕಣ್ಣು ಮಿಟುಕಿಸುವವರೆಗೆ ಕಾದು ನನಗೆ ತೋರಿಸಿದರು. ಪುಟ್ಟಿ ಒಳಗೆ ಎಂಡಿಸ್ ಅರ್ಜಿಯನ್ನು ಮುಂದಿಟ್ಟುಕೊಂಡು ಕೂತಿದ್ದಳು. ಕೆಲಸ ಬಿಟ್ಟು ಓದುವುದೋ, ಇನ್ನೆರಡು ವರ್ಷ ದುಡಿದು ಹೋಗುವುದೋ ಅಂತ ಕೇಳಿದಳು. ನಾನು ಕಾಫಿ ಕುಡಿದು, ಯೋಚಿಸಿ ಹೇಳ್ತೀನಿ ಎಂದು ಬಂದೆ.